ಯುಲಿಪ್ ಕರಾರನ್ನು ಓದಿ ಹೇಳಿ: ಕರ್ನಾಟಕದ ಜೀವವಿಮಾ ಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಊರೂರುಗಳಲ್ಲಿ ಜೀವವಿಮೆಯ ಕಾರ್ಯವನ್ನು ನಡೆಸಿಕೊಂಡು ಬರುತ್ತಿರುವ ಪ್ರತಿನಿಧಿ ಬಂಧುಗಳಿಗೂ, ಬ್ಯಾಂಕುಗಳ ಶಾಖೆಗಳಲ್ಲಿ ಕುಳಿತು ವಿಮಾ ಪಾಲಿಸಿಗಳನ್ನು ಮಾರುವ ಸೋದರ ಸೋದರಿಯರಿಗೂ,



ವಿಮಾ ಕಚೇರಿಯೊಂದರಲ್ಲಿ ಕಾಗದಪತ್ರಗಳನ್ನು ಪರಿಶೀಲಿಸುವುದರಲ್ಲಿಯೇ ಉದ್ಯೋಗದ ಕಾಲವನ್ನೆಲ್ಲ ಕಳೆದು, ನಿವೃತ್ತನಾದ ಮೇಲೆಯೂ ನೆರೆಹೊರೆಯವರು ತರುವ ಪಾಲಿಸಿ ಬಾಂಡುಗಳನ್ನು ಓದಿ ಅರ್ಥ ಹೇಳುವ ಅಭ್ಯಾಸವನ್ನು ಬಿಡದಿರುವ ನಾನು, ತಮ್ಮೆಲ್ಲರಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಅದು ಯೂನಿಟ್ ಲಿಂಕ್ಡ್ ಪಾಲಿಸಿಗಳಿಗೆ, ತಾವೂ ಗ್ರಾಹಕರೂ ಯುಲಿಪ್ ಎಂದು ಕರೆಯುವ ಪಾಲಿಸಿಗಳಿಗೆ, ಸಂಬಂಧಿಸಿದುದು. ಈ ಪಾಲಿಸಿಗಳ ಕರಾರಿನಲ್ಲಿ ಯಾವ ಯಾವ ನಿಬಂಧನೆಗಳು ಇರಲೇಬೇಕೆಂಬುದನ್ನು ಕಾನೂನು ವಿಧಿಸಿದೆ. ಕಂಪನಿಗಳು ಅವನ್ನು ತಪ್ಪದೆ ಅಚ್ಚು ಹಾಕಿಸುತ್ತವೆ. ಆದರೆ ಅಚ್ಚಾದ ನಿಬಂಧನೆಯು ಗ್ರಾಹಕನ ತಿಳಿವಳಿಕೆಗೆ ಬರಲು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಇರುವ ದಾರಿ ತಮ್ಮ ಮಾತೊಂದೇ. ರುಜು ಹಾಕಿಸುವುದಕ್ಕೆ ಮೊದಲು ಆ ನಿಬಂಧನೆಗಳನ್ನು ಗ್ರಾಹಕನ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕೆಂಬುದೇ ನನ್ನ ವಿಜ್ಞಾಪನೆ.

ಪಾಲಿಸಿ ಎಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವುದು ಬಾಂಡಿನ ಮೇಲೆ ಬರೆದಿರುವ ಒಂದು ಮೊತ್ತ. ಸತ್ತರೆ ಮನೆಯವರಿಗೆ, ಬದುಕಿದ್ದರೆ ತನಗೇ, ಬೋನಸ್ಸಿನೊಡನೆ ಬಂದೇ ಬರುವ ಮೊತ್ತ. ಈ ಭಾವನೆ ಇಂದು ನಿನ್ನೆಯದಲ್ಲ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ವಿಮಾ ವ್ಯವಸ್ಥೆಯನ್ನು ಏರ್ಪಡಿಸಿದುದು 1891ರಲ್ಲಿ. ಅಂದಿನಿಂದ ಮೊದಲ್ಗೊಂಡು, 1956ರಲ್ಲಿ ಜೀವವಿಮೆ ರಾಷ್ಟ್ರೀಕರಣಗೊಂಡು ಜೀವವಿಮಾ ನಿಗಮವು ಹಳ್ಳಿಹಳ್ಳಿಗೂ ವ್ಯಾಪಿಸಿದ ಕಾಲವನ್ನು ದಾಟಿ, ಮೂರು ನಾಲ್ಕು ತಲೆಮಾರುಗಳು ಈ ನಂಬಿಕೆಯನ್ನೇ ಆಧರಿಸಿ ಕಂತು ಕಟ್ಟಿವೆ. 1971ರಲ್ಲಿ ಯೂನಿಟ್ ಟ್ರಸ್ಟ್ ಸಂಸ್ಥೆಯು ಯೂನಿಟ್ಟಿಗೆ ವಿಮೆಯನ್ನು ಜೋಡಿಸಿದ ಯೋಜನೆಯೊಂದನ್ನು ತಂದಿದ್ದರೂ ಅದು ಪಟ್ಟಣದ ಸಂಬಳದಾರರ ವಲಯವನ್ನು ದಾಟಿ ಹೋದುದು ಕಡಿಮೆ. ಖಾಸಗಿ ಕಂಪನಿಗಳು ಪ್ರವೇಶಿಸಿದ 2000ದ ಅನಂತರವೇ ಯುಲಿಪ್ ಎಂಬುದು ಮನೆಬಾಗಿಲಿಗೆ ಬಂದಿತು. ಬಂದಾಗ ಹಳೆಯ ಪಾಲಿಸಿಯ ವೇಷದಲ್ಲಿಯೇ ಬಂದಿತು. ಅದೇ ಬಗೆಯ ಬಾಂಡು, ಅದೇ ಕಂತು, ಅದೇ ನಾಮಿನಿ, ಎಷ್ಟೋ ಸಂದರ್ಭಗಳಲ್ಲಿ ಅದೇ ಪರಿಚಿತ ಏಜೆಂಟರು. ಒಳಗಿನ ಕರಾರು ಮಾತ್ರ ಬೇರೆ.

ಆ ಬೇರೆತನವನ್ನು ಕಾನೂನು ಮೊದಲನೆಯ ಪುಟದಲ್ಲಿಯೇ ದಪ್ಪಕ್ಷರಗಳಲ್ಲಿ ಬರೆಯಿಸುತ್ತದೆ: ಈ ಪಾಲಿಸಿಯಲ್ಲಿ ಹೂಡಿಕೆಯ ನಷ್ಟಸಂಭವವನ್ನು ಹೊರತಕ್ಕವನು ಪಾಲಿಸಿದಾರನೇ. ಕಂತಿನ ಹಣದಿಂದ ಯೂನಿಟ್ಟುಗಳನ್ನು ಕೊಳ್ಳಲಾಗುತ್ತದೆ. ಯೂನಿಟ್ಟಿನ ಬೆಲೆ ಷೇರುಪೇಟೆ, ಸಾಲಪತ್ರಗಳ ಪೇಟೆಗಳೊಡನೆ ಏರುತ್ತದೆ, ಇಳಿಯುತ್ತದೆ. ಅಕಾಲದಲ್ಲಿ ಸತ್ತವನ ಮನೆಗೆ ಇಲ್ಲಿಯೂ ಒಂದು ಖಾತರಿ ಉಂಟು. ಪಾಲಿಸಿ ಊರ್ಜಿತವಾಗಿದ್ದರೆ ಮರಣದ ಮೇಲೆ ಬರುವ ಹಣ ಅದುವರೆಗೆ ಕಟ್ಟಿದ ಒಟ್ಟು ಕಂತುಗಳ ಶೇಕಡಾ 105ಕ್ಕಿಂತ ಕಡಿಮೆಯಾಗಬಾರದೆಂಬ ನಿಯಮವಿದೆ. ಅವಧಿ ಮುಗಿಯುವವರೆಗೆ ಬದುಕಿ ಉಳಿದವನಿಗಾದರೋ ಆ ದಿನ ಫಂಡಿನಲ್ಲಿ ಎಷ್ಟಿದೆಯೋ ಅಷ್ಟೇ. ಅಮೆರಿಕದಲ್ಲಿ ವೇರಿಯಬಲ್ ಲೈಫ್ ಎಂಬ ಹೆಸರಿನಿಂದ ಇದೇ ಜಾತಿಯ ಪಾಲಿಸಿ 1976ರಲ್ಲಿ ಮಾರಾಟಕ್ಕೆ ಬಂದಿತು. ಅಲ್ಲಿನ ರಾಜ್ಯಗಳ ವಿಮಾ ಆಯುಕ್ತರ ಸಂಘವು ರೂಪಿಸಿದ ಮಾದರಿ ನಿಯಮಾವಳಿಯೂ, ಪಾಲಿಸಿಯ ಹಣ ಏರುಪೇರಾಗಬಹುದೆಂಬ ಮಾತನ್ನು ಮುಖಪುಟದಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಿಸಬೇಕೆಂದು ವಿಧಿಸುತ್ತದೆ. ಅಲ್ಲಿ ಕೊಳ್ಳುವವರಲ್ಲಿ ಹೆಚ್ಚಿನವರ ಮಾತೂ ಕರಾರಿನ ಭಾಷೆಯೂ ಒಂದೇ ಆಗಿರುವುದರಿಂದ ಮುಖಪುಟದ ಮಾತಿಗೆ ಏನಾದರೂ ಬೆಲೆಯಿದ್ದೀತು. ನಮ್ಮಲ್ಲಿ ಆ ದಪ್ಪಕ್ಷರಗಳು ಇಂಗ್ಲಿಷಿನಲ್ಲಿವೆ; ಅಕ್ಷರ ಎಷ್ಟೇ ದಪ್ಪವಾಗಿದ್ದರೂ ಇಂಗ್ಲಿಷ್ ಬಾರದವನಿಗೆ ಅದರಿಂದ ಪ್ರಯೋಜನವೇನು?

ಈ ತೊಡಕನ್ನು ನಿಯಮ ಮಾಡಿದವರು ಕಾಣದೆ ಹೋಗಲಿಲ್ಲ. ಪ್ರಪೋಸಲ್ ಫಾರಮ್ಮಿನ ಕೊನೆಗೆ ಒಂದು ಘೋಷಣೆಯ ಚೌಕವಿರುತ್ತದೆ. ಫಾರಮ್ಮಿನ ಭಾಷೆಯಲ್ಲದ ಬೇರೆ ಭಾಷೆಯಲ್ಲಿ ರುಜು ಮಾಡಿದವನ, ಇಲ್ಲವೆ ಹೆಬ್ಬೆಟ್ಟು ಒತ್ತಿದವನ ಸಂಬಂಧದಲ್ಲಿ, ಇದರಲ್ಲಿರುವುದನ್ನೆಲ್ಲ ಆತನ ಭಾಷೆಯಲ್ಲಿ ಪೂರ್ಣವಾಗಿ ವಿವರಿಸಲಾಗಿದೆ, ಆತ ಅರಿತುಕೊಂಡೇ ಸಹಿ ಮಾಡಿದ್ದಾನೆ ಎಂದು ಇನ್ನೊಬ್ಬರು ಬರೆದುಕೊಡುವ ಘೋಷಣೆ ಅದು. ತಾವು ಅದನ್ನು ವರ್ನಾಕ್ಯುಲರ್ ಡಿಕ್ಲರೇಷನ್ ಎಂದು ಕರೆಯುತ್ತೀರಿ. ಇಡೀ ಕರಾರಿನಲ್ಲಿ ನನಗೆ ಅತ್ಯಂತ ಪವಿತ್ರವಾಗಿ ಕಾಣುವ ಭಾಗ ಇದೇ. ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿಯುವವನ ಹೊಣೆ ಎಷ್ಟೋ, ಈ ಚೌಕದಲ್ಲಿ ರುಜು ಹಾಕುವವನ ಹೊಣೆಯೂ ಅಷ್ಟೇ.

ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಂದ ಬಾಂಡನ್ನು ಇಲ್ಲಿ ಉದಾಹರಿಸಬೇಕೆನಿಸುತ್ತದೆ. ಮಂಡಿಯಲ್ಲಿ ಅಡಿಕೆ ಕೊಟ್ಟ ಹಣ ಬ್ಯಾಂಕಿನ ಖಾತೆಗೆ ಬಂದ ವಾರದಲ್ಲಿಯೇ, ಐದು ವರ್ಷದ ಡೆಪಾಜಿಟ್ಟಿದ್ದ ಹಾಗೆ, ಮೇಲೆ ವಿಮೆಯೂ ಇದೆ ಎಂದು ಹೇಳಿ ಅವರಿಂದ 60,000 ರೂಪಾಯಿ ಕಟ್ಟಿಸಿಕೊಳ್ಳಲಾಗಿದ್ದಿತು. ಮರುವರ್ಷ ಎರಡನೆಯ ಕಂತಿನ ಸೂಚನೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಬಂದಾಗ, ಇದು ಹತ್ತು ವರ್ಷ ಕಟ್ಟಬೇಕಾದ ಪಾಲಿಸಿ ಎಂಬುದು ಅವರಿಗೆ ಮೊದಲ ಬಾರಿ ತಿಳಿಯಿತು. ಬಾಂಡಿನೊಳಗೆ ಪ್ರಪೋಸಲ್ ಫಾರಮ್ಮಿನ ಪ್ರತಿಯಿದ್ದಿತು. ಪುಟದ ಕೆಳಗೆ ಅವರ ದುಂಡಾದ ಕನ್ನಡ ರುಜು; ಅದರಡಿಯಲ್ಲಿ, ವಿವರಿಸಿದ ಭಾಷೆ ಕನ್ನಡವೆಂದು ಬೇರೆ ಯಾರದೋ ಕೈಬರಹ; ಅದಕ್ಕೂ ಕೆಳಗೆ, ವಿವರಿಸಿದವರೆಂದು ಅವರು ಎಂದೂ ಕಂಡರಿಯದ ಒಬ್ಬರ ಸಹಿ. "ಯಾರೂ ಓದಿ ಹೇಳ್ಲಿಲ್ಲ ಮಾರಾಯ್ರೆ. ಪೆನ್ಸಿಲ್ಲಲ್ಲಿ ಗುರ್ತು ಮಾಡಿದ ಕಡೆ ಎಲ್ಲಾ ಸೈನ್ ಹಾಕಿ ಅಂದ್ರು, ಹಾಕ್ದೆ. ಕಂಪನಿಯಿಂದ ಫೋನ್ ಬರ್ತದೆ, ಎಲ್ಲದಕ್ಕೂ ಹೌದು ಅನ್ನಿ ಅಂದ್ರು, ಅಂದೆ" ಎಂದರು ಅವರು. ಪಾಲಿಸಿ ಹೊರಡುವ ಮುನ್ನ ಗ್ರಾಹಕನಿಗೆ ಎಲ್ಲವೂ ತಿಳಿದಿದೆಯೇ ಎಂದು ಪರೀಕ್ಷಿಸುವುದಕ್ಕಾಗಿಯೇ ಇರುವ ಆ ದೂರವಾಣಿ ಕರೆಯೂ, ಮುಂಚಿತವಾಗಿ ಪಾಠವಾಗಿದ್ದ ಹೌದುಗಳಿಂದ ಮುಗಿದುಹೋಗಿದ್ದಿತು.

ಆ ಬೆಳೆಗಾರರು ಎರಡನೆಯ ಕಂತನ್ನು ಕಟ್ಟಲಾರದೆ ಹೋದರೆ ಏನಾಗುತ್ತದೆಂಬುದನ್ನೂ ಕರಾರಿನ ಕಡ್ಡಾಯ ನಿಬಂಧನೆಯೇ ಹೇಳುತ್ತದೆ. ಕಂತಿನ ದಿನ ಕಳೆದ ಮೇಲೆ ತಿಂಗಳ ಕಂತಿನವರಿಗೆ 15 ದಿನ, ಮಿಕ್ಕವರಿಗೆ 30 ದಿನ ಗ್ರೇಸ್ ಅವಧಿ. ಅದೂ ಮುಗಿದರೆ ಫಂಡಿನ ಹಣದಲ್ಲಿ ನಿಲುಗಡೆ ಶುಲ್ಕವನ್ನು ಮುರಿದುಕೊಂಡು, ಉಳಿದುದನ್ನು ನಿಲುಗಡೆಯಾದ ಪಾಲಿಸಿಗಳಿಗೆಂದೇ ಇರುವ ಬೇರೊಂದು ಫಂಡಿಗೆ ಸಾಗಿಸುತ್ತಾರೆ. ಅಲ್ಲಿ ವರ್ಷಕ್ಕೆ ಕನಿಷ್ಠ ಶೇಕಡಾ 4ರ ಬಡ್ಡಿ. ಪಾಲಿಸಿ ಆರಂಭವಾಗಿ ಐದು ವರ್ಷ ತುಂಬುವವರೆಗೆ ಆ ಹಣ ಕೈಗೆ ಬಾರದು. ಅಷ್ಟರಲ್ಲಿ ವಿಮಾರಕ್ಷಣೆ ನಿಂತುಹೋಗಿರುತ್ತದೆ. ಕಂತು ಮೊದಲು ತಪ್ಪಿದ ದಿನದಿಂದ ಮೂರು ವರ್ಷದೊಳಗೆ ಬಾಕಿಯನ್ನು ಕಟ್ಟಿ ಪುನರುಜ್ಜೀವನಗೊಳಿಸುವ ಅವಕಾಶವಿದೆ. ಯುಲಿಪ್ಪಿನ ಮೇಲೆ ಸಾಲ ದೊರೆಯುವುದಿಲ್ಲ; ಭಾಗಶಃ ಹಿಂತೆಗೆಯುವುದಕ್ಕೂ ಐದು ವರ್ಷ ಕಾಯಬೇಕು. ಇದಿಷ್ಟನ್ನೂ ಮೊದಲೇ ತಿಳಿದವನು ಮಗಳ ಮದುವೆಗೋ ಕೊಳವೆಬಾವಿಗೋ ಎರಡು ವರ್ಷದಲ್ಲಿ ಬೇಕಾಗುವ ಹಣವನ್ನು ಇಲ್ಲಿ ತಂದು ಇಡುವನೇ?

ನಿಲುಗಡೆ ಶುಲ್ಕದ ಕೋಷ್ಟಕವನ್ನು ತಾವೊಮ್ಮೆ ಮತ್ತೆ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ವಾರ್ಷಿಕ ಕಂತು 50,000 ರೂಪಾಯಿಗೆ ಮೀರಿದವರಿಗೆ, ಕಂತು ಮತ್ತು ಫಂಡಿನ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದರ ಮೇಲೆ, ಮೊದಲ ವರ್ಷ ಶೇಕಡಾ 6, ಎರಡನೆಯ ವರ್ಷ 4, ಮೂರರಲ್ಲಿ 3, ನಾಲ್ಕರಲ್ಲಿ 2, ಐದರಿಂದ ಮುಂದೆ ಏನೂ ಇಲ್ಲ. ಮೊದಲ ವರ್ಷದ ಗರಿಷ್ಠ ಮಿತಿ 6,000 ರೂಪಾಯಿ. 50,000ವೂ ಅದಕ್ಕಿಂತ ಕಡಿಮೆಯೂ ಕಟ್ಟುವವರಿಗಾದರೆ ಮೊದಲ ವರ್ಷ ಶೇಕಡಾ 20, ಎರಡನೆಯ ವರ್ಷ 15, ಅನಂತರ 10, ಅನಂತರ 5. ಗರಿಷ್ಠ ಮಿತಿ 3,000 ರೂಪಾಯಿಯಿಂದ ತೊಡಗುತ್ತದೆ. ಮಿತಿಯ ಅಂಕಿ ಚಿಕ್ಕದಾಗಿ ಕಂಡರೂ, ತಿಂಗಳಿಗೆ ಸಾವಿರದಂತೆ ವರ್ಷಕ್ಕೆ 12,000 ಕಟ್ಟುವ ಹೊಲಿಗೆಯಾಕೆಯ ಪಾಲಿಸಿ ಮೊದಲ ವರ್ಷದಲ್ಲಿ ನಿಂತುಹೋದರೆ, ಫಂಡಿನಲ್ಲಿ ಕಂತಿನಷ್ಟು ಹಣ ಸೇರಿದ್ದ ಪಕ್ಷದಲ್ಲಿ 2,400 ರೂಪಾಯಿಯವರೆಗೆ, ಐದರಲ್ಲೊಂದು ಪಾಲು, ಕಡಿದುಹೋಗಬಹುದು. ಚಿಕ್ಕ ಪಾಲಿಸಿಗೂ ದೊಡ್ಡ ಪಾಲಿಸಿಗೂ ಆಡಳಿತದ ಖರ್ಚು ಹೆಚ್ಚುಕಡಿಮೆ ಒಂದೇ ಎಂಬ ವಾದವನ್ನು ನಾನು ಬಲ್ಲೆ. ಆದರೂ ಕಂತು ತಪ್ಪುವ ಸಂಭವ ಯಾರಿಗೆ ಹೆಚ್ಚೋ ಅವರಿಂದಲೇ ಹೆಚ್ಚಿನ ಪಾಲನ್ನು ಮುರಿದುಕೊಳ್ಳುವ ಈ ಏರ್ಪಾಡು ನನ್ನ ಮನಸ್ಸಿಗೆ ನ್ಯಾಯವಾಗಿ ಕಾಣುವುದಿಲ್ಲ. ಇದು ತಿದ್ದಲ್ಪಡುವವರೆಗಾದರೂ, ಕಡಿಮೆ ವರಮಾನದವರ ಮುಂದೆ ಈ ಕೋಷ್ಟಕವನ್ನು ಬೆರಳಿಟ್ಟು ತೋರಿಸಿ ಓದಬೇಕು.

2010ಕ್ಕಿಂತ ಹಿಂದಿನ ಸ್ಥಿತಿ ಇದಕ್ಕಿಂತ ಕಠಿಣವಾಗಿದ್ದಿತೆಂಬುದನ್ನು ತಮ್ಮಲ್ಲಿ ಹಿರಿಯರು ಮರೆತಿರಲಾರರು. ಆ ವರ್ಷದ ಏಪ್ರಿಲ್‌ನಲ್ಲಿ ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು, ಯುಲಿಪ್ ವಾಸ್ತವವಾಗಿ ಹೂಡಿಕೆಯೇ ಆಗಿರುವುದರಿಂದ ತಮ್ಮ ನೋಂದಣಿಯಿಲ್ಲದೆ ಅದಕ್ಕೆ ಹಣ ಸಂಗ್ರಹಿಸಕೂಡದೆಂದು 14 ವಿಮಾ ಕಂಪನಿಗಳ ಮೇಲೆ ಆಜ್ಞೆ ಹೊರಡಿಸಿದರು. ವಿಮೆಯ ನಿಯಂತ್ರಕವಾದ ವಿಮಾ ಪ್ರಾಧಿಕಾರವು ಅದನ್ನು ವಿರೋಧಿಸಿತು. ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆಯು ಅಧಿಕಾರವನ್ನು ವಿಮಾ ಪ್ರಾಧಿಕಾರದ ಕಡೆಗೇ ನಿರ್ಣಯಿಸಿತು. ಆ ವ್ಯಾಜ್ಯದ ಬೆನ್ನಿನಲ್ಲಿ, ಸೆಪ್ಟೆಂಬರ್ 1ರಿಂದ ಹಣ ತೆಗೆಯಲಾಗದ ಬಂಧನಾವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಶುಲ್ಕಗಳಿಗೆ ಮಿತಿ ಬಿದ್ದಿತು. ಇಂದಿನ ಕರಾರಿನಲ್ಲಿ ಗ್ರಾಹಕನಿಗಿರುವ ರಕ್ಷಣೆಗಳಲ್ಲಿ ಅನೇಕವು ಹೀಗೆ ಜಗಳದ ಫಲವಾಗಿ ದೊರಕಿದವು. ಅವನ್ನು ಓದದೆ ಬಿಡುವುದೆಂದರೆ ದೊರಕಿದುದನ್ನು ಗ್ರಾಹಕನಿಗೆ ತಲುಪಿಸದೆ ನಡುದಾರಿಯಲ್ಲಿ ನಿಲ್ಲಿಸಿದಂತೆಯೇ.

ಶುಲ್ಕಗಳ ವಿಷಯದಲ್ಲಿ ಹೆಚ್ಚು ಬೆಳೆಸುವುದಿಲ್ಲ. ಕಂತು ಬಂದೊಡನೆ ಹಂಚಿಕೆ ಶುಲ್ಕ. ತಿಂಗಳು ತಿಂಗಳು ಆಡಳಿತದ ಶುಲ್ಕವೂ ಮರಣರಕ್ಷಣೆಯ ಶುಲ್ಕವೂ, ಯೂನಿಟ್ಟುಗಳನ್ನೇ ರದ್ದುಮಾಡುವ ಮೂಲಕ. ಫಂಡಿನ ನಿರ್ವಹಣೆಗೆ ವರ್ಷಕ್ಕೆ ಗರಿಷ್ಠ ಶೇಕಡಾ 1.35, ಲಕ್ಷ ರೂಪಾಯಿಗೆ 1,350. ಬೆಲೆ ಇಳಿಯದಿದ್ದರೂ ಯೂನಿಟ್ಟಿನ ಸಂಖ್ಯೆ ಏಕೆ ಇಳಿಯಿತೆಂದು ಕೇಳುವ ಗ್ರಾಹಕನಿಗೆ ಉತ್ತರ ಸ್ಟೇಟ್‌ಮೆಂಟಿನಲ್ಲಿಯೇ ಇದೆ, ತೋರಿಸುವವರು ಬೇಕು. ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಲಾಭಚಿತ್ರಣದ ಹಾಳೆ. ಫಂಡು ವರ್ಷಕ್ಕೆ ಶೇಕಡಾ 4 ಗಳಿಸಿದರೆ ಇಷ್ಟು, 8 ಗಳಿಸಿದರೆ ಇಷ್ಟು ಎಂದು ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿ ತೋರಿಸಿ, ಅದರ ಮೇಲೆ ಗ್ರಾಹಕನೂ ತಾವೂ ಸಹಿ ಮಾಡಬೇಕೆಂದು ನಿಯಮವಿದೆ. ಇವೆರಡೂ ಊಹೆಗಳು, 8 ಎಂಬುದು ಮಾತುಕೊಟ್ಟ ಗಳಿಕೆಯೂ ಅಲ್ಲ, 4 ಎಂಬುದು ಇಳಿಕೆಯ ತಳವೂ ಅಲ್ಲ. ಮಾರಾಟದ ಹೊತ್ತಿನಲ್ಲಿ ಬೆರಳು 8ರ ಸಾಲಿನ ಮೇಲೆಯೇ ನಿಲ್ಲುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. 4ರ ಸಾಲನ್ನು ಮೊದಲು ಓದಿ, ಈ ಮೊತ್ತ ಬಂದರೂ ತಮಗೆ ಒಪ್ಪಿಗೆಯೇ ಎಂದು ಕೇಳಿ, ಅದಕ್ಕಿಂತಲೂ ಕಡಿಮೆಯಾಗುವ ಸಂಭವವಿದೆಯೆಂದು ತಿಳಿಸಿ, ಆಮೇಲೆ 8ರ ಸಾಲಿಗೆ ಹೋಗುವುದು ಧರ್ಮ.

ಇಷ್ಟಾದರೂ ತಪ್ಪಿ ಕೊಂಡವನಿಗೆ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ಪಾಲಿಸಿ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಮನೆಗೆ ಬಂದು ಮಾರಿದ ಪಾಲಿಸಿಗಳಿಗೆ ಮೊದಲು 15 ದಿನವಿದ್ದುದನ್ನು 2024ರ ನಿಯಮಗಳು ಎಲ್ಲರಿಗೂ 30 ಮಾಡಿದವು. ಹಾಗೆ ಹಿಂದಿರುಗಿಸಿದರೆ ಆ ದಿನದ ಫಂಡಿನ ಮೌಲ್ಯವೂ ಅದುವರೆಗೆ ಮುರಿದುಕೊಂಡ ಶುಲ್ಕಗಳೂ ಸೇರಿ ಹಿಂದಕ್ಕೆ ಬರುತ್ತವೆ. ರಕ್ಷಣೆಯಿದ್ದ ದಿನಗಳ ಮರಣಶುಲ್ಕ, ವೈದ್ಯಪರೀಕ್ಷೆಯ ಖರ್ಚು, ಸ್ಟಾಂಪಿನ ವೆಚ್ಚ ಇವಿಷ್ಟೇ ಕಳೆಯತಕ್ಕವು. ಅಡಿಕೆ ಬೆಳೆಗಾರರ ಹಣ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಬಹುದಾಗಿದ್ದ ಕಾಲ ಅದೇ. ನಮ್ಮ ಮನೆಗಳಲ್ಲಿ ಬಾಂಡು ಬಂದ ದಿನವೇ, ಲಕೋಟೆಯನ್ನು ಸರಿಯಾಗಿ ಬಿಚ್ಚದೆಯೇ, ಬೀರುವಿನ ಒಳಖಾನೆಯಲ್ಲಿ ಜಮೀನಿನ ಪತ್ರಗಳ ಜೊತೆ ಸೇರಿಬಿಡುತ್ತದೆ. ಈಗಂತೂ ಎಷ್ಟೋ ಪಾಲಿಸಿಗಳು ಇ-ಮೇಲಿನಲ್ಲಿ ಬರುತ್ತವೆ; ಗ್ರಾಹಕನಿಗೆ ಇ-ಮೇಲ್ ಇಲ್ಲವೆಂದು ಏಜೆಂಟರು ತಮ್ಮದನ್ನೋ ಕಚೇರಿಯದನ್ನೋ ಬರೆದಿರುವುದನ್ನು ನಾನು ನೋಡಿದ್ದೇನೆ. ಅಂಥಲ್ಲಿ ಪಾಲಿಸಿ ಬಂದುದೇ ಕೊಂಡವನಿಗೆ ತಿಳಿಯದಿರುವಾಗ ಆ 30 ದಿನಗಳು ಯಾರಿಗಾಗಿ ಕಳೆಯುತ್ತವೆ? ದಯಮಾಡಿ ಇದನ್ನು ಬಿಡಬೇಕು. ಬಾಂಡು ತಲುಪಿದ ವಾರದಲ್ಲಿ ಒಮ್ಮೆ ಗ್ರಾಹಕನ ಮನೆಗೆ ಹೋಗಿ, ಲಕೋಟೆಯ ಮೇಲೆ ಬಂದ ತಾರೀಖನ್ನು ಬರೆಯಿಸಿ, ಹಿಂದಿರುಗಿಸಲು ಕಡೆಯ ದಿನ ಇಂಥದು ಎಂದು ಹೇಳಿ ಬರುವುದು ತಮ್ಮಿಂದ ಆಗದ ಕೆಲಸವಲ್ಲ. ಕೆಲವು ಪಾಲಿಸಿಗಳು ಹಿಂದಿರುಗಿ ಕಮಿಷನ್ನು ಹೋದೀತು. ಉಳಿದವು ಕೊನೆಯವರೆಗೆ ನಡೆಯುತ್ತವೆ.

ಆರೋಗ್ಯದ ಪ್ರಶ್ನೆಗಳ ಕುರಿತು ಹೇಳುವಾಗ ನನ್ನ ಮಾತು ಸ್ವಲ್ಪ ಕಟುವಾದರೆ ಕ್ಷಮಿಸಬೇಕು. 1938ರ ವಿಮಾ ಅಧಿನಿಯಮದ 45ನೆಯ ಕಲಮು, 2015ರ ತಿದ್ದುಪಡಿಯ ಅನಂತರ, ಮೂರು ವರ್ಷ ನಡೆದ ಜೀವವಿಮಾ ಪಾಲಿಸಿಯನ್ನು ಯಾವ ಕಾರಣದ ಮೇಲೂ ಪ್ರಶ್ನಿಸಕೂಡದೆಂದು ಹೇಳುತ್ತದೆ. ಪಾಲಿಸಿದಾರನ ಮನೆಯವರಿಗೆ ಇಷ್ಟು ದೊಡ್ಡ ಅಭಯವನ್ನು ಕೊಟ್ಟಿರುವ ನಿಬಂಧನೆ ಮತ್ತೊಂದಿಲ್ಲ. ಇದನ್ನೇ ಆಧಾರ ಮಾಡಿಕೊಂಡು, ಸಕ್ಕರೆ ಕಾಯಿಲೆಯಿದೆಯೆಂದವನ, ಬಿ.ಪಿ. ಮಾತ್ರೆ ನುಂಗುತ್ತೇನೆಂದವನ ಫಾರಮ್ಮಿನಲ್ಲಿಯೂ ಇಲ್ಲ ಇಲ್ಲ ಎಂದು ಸಾಲಾಗಿ ಗುರುತು ಹಾಕಿ, ಮೂರು ವರ್ಷ ಕಳೆದರೆ ಯಾರೂ ಕೇಳುವುದಿಲ್ಲವೆಂದು ಸಮಾಧಾನ ಹೇಳುವವರಿದ್ದಾರೆ. ಮೂರು ವರ್ಷ ಕಳೆಯುವುದು ಯಾರ ಕೈಯಲ್ಲಿದೆ? ಎರಡನೆಯ ವರ್ಷದಲ್ಲಿ ಸಾವು ಬಂದರೆ, ಆಸ್ಪತ್ರೆಯ ಹಳೆಯ ಚೀಟಿಯೊಂದು ಕಂಪನಿಯ ಕೈಗೆ ಸಿಕ್ಕಿದರೆ, ವಿಧವೆಯ ಮುಂದೆ ನಿಲ್ಲುವುದು ವಂಚನೆಯ ಆರೋಪ. ಸುಳ್ಳು ಬರೆದ ಕೈ ಯಾರದೆಂದು ಆಕೆ ಹೇಗೆ ತೋರಿಸಿಯಾಳು? ಇನ್ನೂ ಒಂದು ಸಂಗತಿ: ಈ ಮೂರು ವರ್ಷಗಳ ಎಣಿಕೆ ಪಾಲಿಸಿ ಹೊರಟ ದಿನದಿಂದ ಮಾತ್ರವೇ ಅಲ್ಲ, ನಿಂತ ಪಾಲಿಸಿಯನ್ನು ಪುನರುಜ್ಜೀವನಗೊಳಿಸಿದರೆ ಆ ದಿನದಿಂದ ಮತ್ತೆ ತೊಡಗುತ್ತದೆ. ರಿವೈವಲ್ ಮಾಡಿಸುವಾಗ ಇದನ್ನು ಹೇಳುವವರನ್ನು ನಾನು ಬಹು ವಿರಳವಾಗಿ ಕಂಡಿದ್ದೇನೆ.

ನಾಮಿನಿಯ ವಿಷಯ ತಮಗೆ ಚೆನ್ನಾಗಿ ಗೊತ್ತಿದೆ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದವನನ್ನು ಮದುವೆಯಾದ ಮೇಲೊಮ್ಮೆ ಕೇಳಿದರೆ ಸಾಕು. ಮೊದಲ ಕಂತಿನಲ್ಲಿ ಕಮಿಷನ್ ಬಿಟ್ಟುಕೊಡುವುದು ಅದೇ ಅಧಿನಿಯಮದ 41ನೆಯ ಕಲಮಿನ ಪ್ರಕಾರ ಅಪರಾಧವೆಂಬುದೂ ಗೊತ್ತಿರುವುದೇ.

ತಮ್ಮ ವೃತ್ತಿಯ ಕಷ್ಟವನ್ನು ಅರಿಯದೆ ನಾನು ಇದನ್ನೆಲ್ಲ ಬರೆಯುತ್ತಿಲ್ಲ. ತಿಂಗಳ ಗುರಿ, ಮಾರ್ಚ್ ತಿಂಗಳ ಒತ್ತಡ, ಹತ್ತು ಮನೆ ಹತ್ತಿ ಇಳಿದರೆ ಒಂದು ಪ್ರಪೋಸಲ್. ಬ್ಯಾಂಕಿನ ಕಿರಿಯ ನೌಕರರಿಗಾದರೋ ಸಾಲ, ಡೆಪಾಜಿಟ್ಟುಗಳ ಕೆಲಸದ ನಡುವೆ ಮೇಲಿನವರ ಕರೆಗಳು. ಸಾವಿನ ಮನೆಗೆ ಹೋಗಿ, ಅತ್ತುಕೊಂಡಿರುವವರ ನಡುವೆ ಕುಳಿತು, ಪಂಚಾಯಿತಿಯಿಂದ ಮರಣಪತ್ರ ತರಿಸಿ, ಕ್ಲೇಮಿನ ಫಾರಮ್ಮನ್ನು ತಮ್ಮ ಕೈಯಿಂದಲೇ ತುಂಬಿಸಿ, ಹಣ ಬರುವವರೆಗೆ ಓಡಾಡಿದ ಏಜೆಂಟರನ್ನು ನಾನು ಬಲ್ಲೆ. ಅವರ ಹೆಸರನ್ನು ಆ ಮನೆಗಳಲ್ಲಿ ಇಂದಿಗೂ ಗೌರವದಿಂದ ನೆನೆಯುತ್ತಾರೆ. ಅಂಥ ಗೌರವಕ್ಕೆ ಪಾತ್ರರಾದವರ ಮಾತನ್ನು ಜನ ನಂಬುತ್ತಾರೆಂಬುದರಿಂದಲೇ, ಕಂಪನಿಗಳಿಗೆ ಬರೆಯದೆ ತಮಗೆ ಬರೆಯಬೇಕೆಂದು ನನಗೆ ತೋರಿತು.

ಓದಿ ಹೇಳುವುದಕ್ಕೆ ಬೇಕಾದ ಸಾಮಗ್ರಿ ಈಗ ಕೈಗೆಟುಕುವಂತಿದೆ. ಪಾಲಿಸಿಯ ಮುಖ್ಯ ನಿಬಂಧನೆಗಳನ್ನೆಲ್ಲ ಸಂಕ್ಷೇಪಿಸಿದ ಗ್ರಾಹಕ ಮಾಹಿತಿ ಪತ್ರವೊಂದನ್ನು ಪಾಲಿಸಿಯೊಡನೆ ಕೊಡಬೇಕೆಂದೂ, ಗ್ರಾಹಕ ಬಯಸಿದರೆ ಅದನ್ನು ಆತನ ಪ್ರಾದೇಶಿಕ ಭಾಷೆಯಲ್ಲಿಯೇ ಒದಗಿಸಬೇಕೆಂದೂ ಪ್ರಾಧಿಕಾರವು 2024ರಲ್ಲಿ ವಿಧಿಸಿದೆ. ಬಯಸಬಹುದೆಂಬುದು ಗ್ರಾಹಕನಿಗೆ ತಿಳಿಯದು. ಆತನ ಪರವಾಗಿ ತಾವು ಕೇಳಬೇಕು. ದೂರು ಬಂದರೆ ಮೊದಲು ಕಂಪನಿಗೆ ಬರೆಯಬೇಕು, ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರ ಕಚೇರಿಗೆ ಬರೆಯಬಹುದು, ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿಯವರೆಗಿನ ಪರಿಹಾರಕ್ಕೆ ಅವರಿಗೆ ಅಧಿಕಾರವಿದೆ ಎಂಬುದನ್ನೂ ಅದೇ ಹೊತ್ತಿನಲ್ಲಿ ಹೇಳಿಬಿಡಬೇಕು. ತಮ್ಮ ವಿರುದ್ಧವೇ ದೂರಿನ ದಾರಿಯನ್ನು ತೋರಿಸುವವರನ್ನು ಗ್ರಾಹಕ ಸಂದೇಹದಿಂದ ನೋಡುವುದಿಲ್ಲ.

ಕನ್ನಡದ ಮಾಹಿತಿ ಪತ್ರ ನಮ್ಮಲ್ಲಿ ಇಲ್ಲವೆಂದು ಶಾಖೆಯವರು ಹೇಳಿದರೆ, ಬೇಡಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸಿ ಅದಕ್ಕೆ ಸ್ವೀಕೃತಿ ಪಡೆಯಬೇಕೆಂದು ಸೂಚಿಸುತ್ತೇನೆ. ಒಂದೊಂದು ಜಿಲ್ಲೆಯ ಪ್ರತಿನಿಧಿಗಳ ಸಂಘವೂ ಹಾಗೆ ಬರೆದರೆ ಕಂಪನಿಗಳು ಬಹುಕಾಲ ಸುಮ್ಮನಿರಲಾರವು. ಅದು ಬರುವವರೆಗೆ, ಮುಖಪುಟದ ಎಚ್ಚರಿಕೆ, ಐದು ವರ್ಷದ ಬಂಧನ, ನಿಲುಗಡೆಯ ಕೋಷ್ಟಕ, ಶುಲ್ಕಗಳು, 30 ದಿನಗಳ ಅವಕಾಶ, 45ನೆಯ ಕಲಮು ಇವುಗಳನ್ನು ಗ್ರಾಹಕನ ಮುಂದೆ ಓದುವುದಕ್ಕೆ ತಕ್ಕ ಸರಳ ಕನ್ನಡದ ಪಾಠವೊಂದನ್ನು ಸಿದ್ಧಪಡಿಸುವ ಸಂಘ ಯಾವುದಾದರೂ ಮುಂದೆ ಬಂದರೆ, ಕರಡನ್ನು ಬರೆದುಕೊಡುವುದಕ್ಕೂ, ತಮ್ಮ ಸಭೆಗೆ ಬಂದು ಪ್ರತಿಯೊಂದು ನಿಬಂಧನೆಯನ್ನೂ ಕುಳಿತು ಚರ್ಚಿಸುವುದಕ್ಕೂ ನಾನು ಸಿದ್ಧನಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ವಿಮಾ ನೌಕರ